ಸಂದರ್ಶನಕ್ಕೆ ಹೋಗುವ ಮುನ್ನ ಕೈಯಲ್ಲಿ ಏನಿರಬೇಕು

(ಡಿಪ್ಲೊಮಾ ಮತ್ತು ಪದವಿಯ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸಂದರ್ಶನದ ಮಾತು ಬಂದ ಕೂಡಲೇ ನಿಮ್ಮ ವಯಸ್ಸಿನವರು ಕೇಳುವ ಮೊದಲ ಪ್ರಶ್ನೆ, ‘ಧೈರ್ಯ ಬರೋದಕ್ಕೆ ಏನು ಮಾಡಬೇಕು?’ ಅಂತ. ಅದಕ್ಕೆ ಸಿಗುವ ಸಲಹೆಗಳೂ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಕನ್ನಡಿ ಮುಂದೆ ನಿಂತು ಮಾತಾಡು, ಎದುರಿನವರ ಕಣ್ಣು ನೋಡು, ನಗುತ್ತಾ ಇರು. ಇದ್ಯಾವುದೂ ತಪ್ಪಲ್ಲ. ಆದರೆ ಮೇಜಿನಾಚೆ ಕೂತವರು ‘ನಿಮ್ಮ ಪ್ರಾಜೆಕ್ಟ್‌ನಲ್ಲಿ ಈ ಮೋಟರನ್ನೇ ಯಾಕೆ ಹಾಕಿದಿರಿ?’ ಎಂದು ಕೇಳಿದಾಗ ಉತ್ತರ ಗೊತ್ತಿಲ್ಲದಿದ್ದರೆ ನಗು ಕೈ ಹಿಡಿಯುವುದಿಲ್ಲ. ಹೆದರಿಕೆಯನ್ನು ಬಿಡಿಸಿ ನೋಡಿದರೆ ಅದರ ಮೂಲಗಳು ಬಹಳ ಇಲ್ಲ: ತಾನು ಮಾಡಿದ ಕೆಲಸವನ್ನೇ ವಿವರಿಸಲು ಬಾರದಿರುವುದು, ಇಂಗ್ಲಿಷ್, ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಅಥವಾ ಖಾಲಿ ಹೋದ ವರ್ಷ, ಕೊನೆಗೆ ಸಂಬಳದ ಮಾತು. ಈ ಒಂದೊಂದಕ್ಕೂ ಮನೆಯಲ್ಲೇ ಮಾಡಿಕೊಳ್ಳಬಹುದಾದ ತಯಾರಿ ಇದೆ. ಆ ತಯಾರಿ ಮುಗಿದಷ್ಟೂ ಧೈರ್ಯ ಬರುತ್ತದೆ, ಅದಕ್ಕೆಂದು ಬೇರೆ ಅಭ್ಯಾಸ ಬೇಕಾಗುವುದಿಲ್ಲ.

ಮೊದಲು ಕೆಲಸ ಎಲ್ಲಿದೆ ಅನ್ನುವುದನ್ನು ನೋಡೋಣ. ಬಹಳ ಮಂದಿ ಮೊಬೈಲ್‌ನಲ್ಲಿ ಒಂದೆರಡು ಜಾಬ್ ಪೋರ್ಟಲ್‌ಗೆ ಸೇರಿ, ಕಂಡಕಂಡ ಕಡೆಯೆಲ್ಲ ‘ಅಪ್ಲೈ’ ಒತ್ತಿ, ತಿಂಗಳಾದರೂ ಯಾರೂ ಕರೆಯಲಿಲ್ಲ ಎಂದು ಕೈಚೆಲ್ಲುತ್ತಾರೆ. ಅನುಭವ ಇರುವವರೂ ಇಲ್ಲದವರೂ ಒಟ್ಟಿಗೆ ಅರ್ಜಿ ಹಾಕುವ ಜಾಗದಲ್ಲಿ ಹೊಸಬರ ಅರ್ಜಿ ಅಡಿಗೆ ಸೇರುವುದೇ ಹೆಚ್ಚು. ಹೊಸಬರಿಗೆಂದೇ ಇರುವ ದಾರಿಗಳನ್ನು ಮೊದಲು ಹಿಡಿಯಿರಿ. ಅಂಥ ದಾರಿಗಳಲ್ಲಿ ಮುಖ್ಯವಾದದ್ದು ಅಪ್ರೆಂಟಿಸ್‌ಶಿಪ್, ಅಂದರೆ ಕಂಪನಿಯಲ್ಲಿ ಕೆಲಸ ಮಾಡುತ್ತಲೇ ಕಲಿಯುವ ತರಬೇತಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ನಿಗದಿತ ಸಂಖ್ಯೆಯ ನೌಕರರಿರುವ ಕಂಪನಿಗಳು ಕಲಿಕಾರ್ಥಿಗಳನ್ನು ತೆಗೆದುಕೊಳ್ಳಬೇಕು. ಡಿಪ್ಲೊಮಾ, ಪದವಿ ಮುಗಿಸಿದವರಿಗೆ ನ್ಯಾಟ್ಸ್ ಎಂಬ ಪೋರ್ಟಲ್ ಇದೆ. ಐಟಿಐನವರು ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್ ನೋಡಬೇಕು. ಎರಡರಲ್ಲೂ ನೋಂದಣಿ ಉಚಿತ. 2019ರ ತಿದ್ದುಪಡಿಯಲ್ಲಿ ಕನಿಷ್ಠ ಸ್ಟೈಪೆಂಡ್ (ತರಬೇತಿ ಭತ್ಯೆ) ಅನ್ನು ಪದವೀಧರರಿಗೆ ತಿಂಗಳಿಗೆ 9,000 ರೂಪಾಯಿ, ಡಿಪ್ಲೊಮಾದವರಿಗೆ 8,000 ರೂಪಾಯಿ ಎಂದು ನಿಗದಿ ಮಾಡಿದ್ದರು. ಇದಕ್ಕಿಂತ ಹೆಚ್ಚು ಕೊಡುವ ಕಂಪನಿಗಳೂ ಇವೆ. ಬೆಂಗಳೂರಿನ ಎಚ್‌ಎಎಲ್, ಬಿಇಎಲ್, ಬಿಇಎಂಎಲ್‌ನಂಥ ಸಾರ್ವಜನಿಕ ಉದ್ಯಮಗಳೂ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತವೆ. ದುಡ್ಡು ಕಡಿಮೆ ಅನ್ನಿಸಬಹುದು. ಆದರೆ ಮುಂದಿನ ಸಂದರ್ಶನದಲ್ಲಿ ‘ಅನುಭವ ಇದೆಯಾ?’ ಎಂಬ ಪ್ರಶ್ನೆಗೆ ಸರ್ಟಿಫಿಕೇಟ್ ಸಮೇತ ಉತ್ತರ ಕೊಡುವ ಒಂದು ವರ್ಷ ಅದು. ಹಾಗಾಗಿ ನಮ್ಮ ಮಟ್ಟಿಗೆ ಅದು ಮನೆಯಲ್ಲಿ ಕಾದು ಕೂರುವುದಕ್ಕಿಂತ ಎಷ್ಟೋ ಮೇಲು.

ಇದರ ಜೊತೆಗೆ ಕೇಂದ್ರ ಕಾರ್ಮಿಕ ಸಚಿವಾಲಯ 2015ರಲ್ಲಿ ಶುರು ಮಾಡಿದ ನ್ಯಾಷನಲ್ ಕೆರಿಯರ್ ಸರ್ವಿಸ್, ನಮ್ಮ ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್ ಎರಡರಲ್ಲೂ ಹೆಸರು ಹಾಕಿಸಿ. ಉದ್ಯೋಗ ಮೇಳಗಳ ಸುದ್ದಿ ಅಲ್ಲಿ ಸಿಗುತ್ತದೆ. ಮೇಳಕ್ಕೆ ಹೋಗುವುದಾದರೆ ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೇ ಹೋಗಿ. ಮಧ್ಯಾಹ್ನದ ಹೊತ್ತಿಗೆ ಒಳ್ಳೆಯ ಸ್ಟಾಲ್‌ಗಳ ಮುಂದೆ ಸಾಲು ಬೆಳೆದಿರುತ್ತದೆ, ಕೂತವರೂ ದಣಿದಿರುತ್ತಾರೆ. ರೆಸ್ಯೂಮೆಯ 15 ಪ್ರತಿ, ಮಾರ್ಕ್ಸ್ ಕಾರ್ಡ್‌ಗಳ ಎರಡು ಸೆಟ್ ಝೆರಾಕ್ಸ್, ನಾಲ್ಕು ಫೋಟೊ ಇರಲಿ. ಪ್ರತಿ ಸ್ಟಾಲ್‌ನಲ್ಲೂ ತಪ್ಪದೆ ಕೇಳಬೇಕಾದದ್ದು: ಕೆಲಸದ ಜಾಗ ಯಾವ ಊರು, ನೇಮಕ ಕಂಪನಿ ರೋಲ್‌ನಲ್ಲೋ (ಕಂಪನಿಯ ಸ್ವಂತ ನೌಕರರಾಗಿ) ಕಂಟ್ರಾಕ್ಟರ್ ಮೂಲಕವೋ, ಶಿಫ್ಟ್ ಹೇಗೆ. ಕಂಪನಿ ದೊಡ್ಡ ಹೆಸರಿನದಾಗಿದ್ದು, ಸಂಬಳ ಕೊಡುವವರು ಮಾತ್ರ ಒಂದು ಮ್ಯಾನ್‌ಪವರ್ ಏಜೆನ್ಸಿ ಆಗಿರುವುದುಂಟು. ಆ ಕೆಲಸ ಬೇಡ ಎಂದು ನಾವು ಹೇಳುತ್ತಿಲ್ಲ. ಸೇರುವ ಮೊದಲೇ ಅದು ನಿಮಗೆ ಗೊತ್ತಿರಬೇಕು.

ಇನ್ನು ಸಣ್ಣ ಮತ್ತು ಮಧ್ಯಮ ಕೈಗಾರಿಕೆಗಳು. ಪೀಣ್ಯ, ಬೊಮ್ಮಸಂದ್ರ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ್, ಮೈಸೂರಿನ ಹೆಬ್ಬಾಳ, ಮಂಗಳೂರಿನ ಬೈಕಂಪಾಡಿ ಇಂಥ ಕಡೆ ಎಷ್ಟೋ ಘಟಕಗಳು ಪೋರ್ಟಲ್‌ಗೆ ಹೋಗುವುದೇ ಇಲ್ಲ. ಗೇಟಿನ ಬೋರ್ಡ್ ಮೇಲೆ ‘ಬೇಕಾಗಿದ್ದಾರೆ’ ಎಂದು ಹಾಕುತ್ತಾರೆ, ಇಲ್ಲವೇ ಒಳಗಿರುವ ಹುಡುಗರಿಗೆ ‘ನಿಮ್ಮ ಕಾಲೇಜಿನವರು ಯಾರಾದರೂ ಇದ್ದಾರಾ?’ ಅನ್ನುತ್ತಾರೆ. ಎರಡು ವರ್ಷ ಮುಂಚೆ ಪಾಸಾದ ಸೀನಿಯರ್‌ಗಳ ಪಟ್ಟಿ ಮಾಡಿ, ಫೋನ್ ಮಾಡಿ. ‘ಅಣ್ಣಾ, ಒಂದು ಕೆಲಸ ಕೊಡಿಸಿ’ ಅಂದರೆ ಅವರು ಪೇಚಿಗೆ ಸಿಕ್ಕುತ್ತಾರೆ. ‘ಅಣ್ಣಾ, ನಿಮ್ಮಲ್ಲಿ ಕ್ವಾಲಿಟಿ ವಿಭಾಗಕ್ಕೆ ಹೊಸಬರನ್ನು ತಗೊಳ್ತಾರಾ? ರೆಸ್ಯೂಮೆ ಯಾರಿಗೆ ಕಳಿಸಬೇಕು?’ ಅಂದರೆ ಉತ್ತರ ಕೊಡುವುದು ಅವರಿಗೆ ಸುಲಭ.

ಹಾಕಿದ ಪ್ರತಿ ಅರ್ಜಿಯನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ದಿನಾಂಕ, ಕಂಪನಿ, ಹುದ್ದೆ, ಯಾರಿಗೆ ಕಳಿಸಿದ್ದು, ಮತ್ತೆ ವಿಚಾರಿಸುವ ದಿನ. ಹತ್ತು ದಿನ ಬಿಟ್ಟು ಒಬ್ಬರು ಫೋನ್ ಮಾಡಿ ‘ನಮ್ಮಲ್ಲಿ ಅಪ್ಲೈ ಮಾಡಿದ್ರಲ್ಲ’ ಅಂದಾಗ ‘ಯಾವ ಕಂಪನಿ ಸರ್?’ ಎಂದು ಕೇಳುವ ಪರಿಸ್ಥಿತಿ ಬರಬಾರದು. ಮೊದಲ ಸುತ್ತು ಆ ಫೋನ್ ಕರೆಯಲ್ಲೇ ಶುರುವಾಗಿರುತ್ತದೆ. ಬಸ್ಸಿನಲ್ಲಿದ್ದರೆ, ಗದ್ದಲದ ಜಾಗದಲ್ಲಿದ್ದರೆ ‘ಹದಿನೈದು ನಿಮಿಷ ಬಿಟ್ಟು ನಾನೇ ಕರೆ ಮಾಡಲೇ?’ ಎಂದು ಕೇಳಿ. ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ರೆಸ್ಯೂಮೆ ಒಂದೇ ಪುಟ ಇರಲಿ. ತಂದೆಯ ಹೆಸರು, ಧರ್ಮ, ವೈವಾಹಿಕ ಸ್ಥಿತಿ, ಕೆಳಗೆ ‘ಈ ಮೇಲಿನ ಎಲ್ಲವೂ ನಿಜ’ ಎಂಬ ಘೋಷಣೆ, ಇವೆಲ್ಲ ಜಾಗ ತಿನ್ನುತ್ತವೆಯೇ ಹೊರತು ಯಾರೂ ಓದುವುದಿಲ್ಲ. ಮೇಲೆ ಹೆಸರು, ಫೋನ್, ಇಮೇಲ್, ಊರು. ಅದರ ಕೆಳಗೆ ಓದು. ಆಮೇಲೆ ಪ್ರಾಜೆಕ್ಟ್ ಮತ್ತು ಇಂಟರ್ನ್‌ಶಿಪ್, ಬರುವ ಸಾಫ್ಟ್‌ವೇರ್ ಮತ್ತು ಯಂತ್ರಗಳು. ‘ಹಾರ್ಡ್ ವರ್ಕಿಂಗ್, ಟೀಂ ಪ್ಲೇಯರ್’ ಎಂದು ಬರೆಯದವರೇ ಇಲ್ಲ, ಆದ್ದರಿಂದ ಅದು ಏನನ್ನೂ ಹೇಳುವುದಿಲ್ಲ. ‘ಇಂಟರ್ನ್‌ಶಿಪ್‌ನಲ್ಲಿ ಒಂದು ತಿಂಗಳು ಖರೀದಿ ಬಿಲ್‌ಗಳನ್ನು ಟ್ಯಾಲಿಯಲ್ಲಿ ಎಂಟ್ರಿ ಮಾಡಿದ್ದೇನೆ’ ಎಂದು ಬರೆದರೆ ಓದುವವರ ಕಣ್ಣು ಅಲ್ಲಿ ನಿಲ್ಲುತ್ತದೆ. ಎರಡು ಕಾಲಂ, ಬಣ್ಣದ ಪಟ್ಟಿ, ನಕ್ಷತ್ರಗಳಿರುವ ರೆಡಿಮೇಡ್ ವಿನ್ಯಾಸಗಳಿಂದ ದೂರ ಇರಿ. ಕಂಪ್ಯೂಟರ್ ಮೂಲಕ ರೆಸ್ಯೂಮೆ ಸೋಸುವ ಕಂಪನಿಗಳಲ್ಲಿ ಅಂಥ ಪುಟದ ಅಕ್ಷರಗಳು ಅಡ್ಡಾದಿಡ್ಡಿಯಾಗಿ ಓದಲ್ಪಡುವ ಸಂಭವವಿದೆ. ಪಿಡಿಎಫ್ ಮಾಡಿ, ಫೈಲಿಗೆ ನಿಮ್ಮ ಹೆಸರು ಮತ್ತು ಹುದ್ದೆಯ ಹೆಸರು ಕೊಡಿ. ‘ಫೈನಲ್ ನ್ಯೂ 2’ ಎಂಬ ಹೆಸರಿನ ಫೈಲು ಯಾರದ್ದೆಂದು ಆ ಕಡೆಯವರಿಗೆ ತಿಳಿಯುವುದಿಲ್ಲ. ರೆಸ್ಯೂಮೆಯಲ್ಲಿ ಬರೆದ ಪ್ರತಿ ಪದದ ಮೇಲೂ ಎರಡು ಪ್ರಶ್ನೆ ಬಂದರೆ ಉತ್ತರ ಹೇಳುತ್ತೇನಾ ಎಂದು ನೋಡಿಕೊಳ್ಳಿ. ಹೇಳಲಾಗದ ಪದವನ್ನು ಇವತ್ತೇ ಅಳಿಸಿ.

ಈಗ ಸಂದರ್ಶನದ ಹೂರಣಕ್ಕೆ ಬರೋಣ. ಹೊಸಬರಿಗೆ ದೊಡ್ಡ ದೊಡ್ಡ ಸಿದ್ಧಾಂತ ಕೇಳುತ್ತಾರೆಂಬುದು ತಪ್ಪು ಕಲ್ಪನೆ. ಮೆಕ್ಯಾನಿಕಲ್ ಡಿಪ್ಲೊಮಾದವರು ಬಿಡಿಭಾಗ ಮಾಡುವ ಒಂದು ಘಟಕಕ್ಕೆ ಹೋಗಿದ್ದೀರಿ ಅಂದುಕೊಳ್ಳಿ. ಮೇಜಿನ ಮೇಲೆ ಒಂದು ವರ್ನಿಯರ್ ಕ್ಯಾಲಿಪರ್ (ಅಳೆಯುವ ಉಪಕರಣ), ಒಂದು ಬುಷ್ (ಕೊಳವೆಯಾಕಾರದ ಬಿಡಿಭಾಗ), ಒಂದು ಡ್ರಾಯಿಂಗ್ ಇಟ್ಟು ‘ಅಳೆದು ಹೇಳಿ’ ಅನ್ನುತ್ತಾರೆ. ಮೊದಲು ದವಡೆಗಳನ್ನು ಮುಚ್ಚಿ ಸೊನ್ನೆ ಸರಿಯಾಗಿ ಕೂರುತ್ತದೆಯೇ ಎಂದು ನೋಡುವವರು ಬಹಳ ಕಡಿಮೆ. ಆ ಒಂದು ಕೆಲಸ ಮಾಡಿದರೆ ನಿಮ್ಮ ಕೈ ವರ್ಕ್‌ಶಾಪ್‌ನಲ್ಲಿ ಪಳಗಿದೆ ಎಂದು ಎದುರಿನವರಿಗೆ ಗೊತ್ತಾಗುತ್ತದೆ. ಆಮೇಲೆ ಓದುವುದು: ಮುಖ್ಯ ಅಳತೆ 24 ಮಿ.ಮೀ., ವರ್ನಿಯರ್‌ನ 13ನೇ ಗೆರೆ ಕೂಡಿದೆ, ಲೀಸ್ಟ್ ಕೌಂಟ್ (ಉಪಕರಣ ಓದಬಲ್ಲ ಅತಿ ಚಿಕ್ಕ ಅಳತೆ) 0.02, ಆದ್ದರಿಂದ 24.26 ಮಿ.ಮೀ. ಮುಂದಿನ ಪ್ರಶ್ನೆ ಡ್ರಾಯಿಂಗ್ ಮೇಲೆ ಬರುತ್ತದೆ. ರಂಧ್ರದ ಪಕ್ಕ ‘25 ಎಚ್7’ ಎಂದಿದೆ. ಹಾಗೆಂದರೆ ರಂಧ್ರ 25.000ರಿಂದ 25.021 ಮಿ.ಮೀ. ಒಳಗಿರಬೇಕು. ‘ಇದನ್ನು ಈ ವರ್ನಿಯರ್‌ನಲ್ಲಿ ಅಳೆಯಬಹುದಾ?’ ಎಂದು ಕೇಳುತ್ತಾರೆ. ನಿಜವಾದ ಪರೀಕ್ಷೆ ಇದು. ಸಡಿಲಿಕೆ ಇರುವುದೇ 0.021, ಉಪಕರಣ ಓದುವುದು 0.02ರ ಹೆಜ್ಜೆಯಲ್ಲಿ, ಹಾಗಾಗಿ ಆಗದು. ಬೋರ್ ಗೇಜ್ ಬೇಕು, ಇಲ್ಲವೇ ‘ಗೋ–ನೋ ಗೋ’ ಪ್ಲಗ್ ಗೇಜ್ ಬೇಕು ಎನ್ನಬೇಕು. ಇದಿಷ್ಟೂ ನಿಮ್ಮ ಮೆಟ್ರಾಲಜಿ ಲ್ಯಾಬ್‌ನಲ್ಲೇ ಇದೆ. ರೆಕಾರ್ಡ್ ಪುಸ್ತಕ ಬರೆದು ಮುಗಿಸುವ ಅವಸರದಲ್ಲಿ ಉಪಕರಣವನ್ನು ಕೈಯಲ್ಲಿ ಹಿಡಿಯದೇ ಹೋಗಿರುತ್ತೇವೆ, ಅಷ್ಟೇ. ಕಾಲೇಜು ಬಿಡುವ ಮೊದಲು ಲ್ಯಾಬ್ ಸಹಾಯಕರನ್ನು ಕೇಳಿಕೊಂಡು ಒಂದು ಮಧ್ಯಾಹ್ನ ಬರೀ ಅಳೆಯಿರಿ.

ಬಿಕಾಂನವರಿಗೂ ಹೀಗೇ. ‘10,000 ರೂಪಾಯಿ ಮಾಲು, ಜಿಎಸ್‌ಟಿ ಶೇ. 18. ಹುಬ್ಬಳ್ಳಿಯಿಂದ ತುಮಕೂರಿಗೆ ಬಿಲ್ ಮಾಡಿ, ಆಮೇಲೆ ಹುಬ್ಬಳ್ಳಿಯಿಂದ ಕೊಲ್ಹಾಪುರಕ್ಕೆ ಮಾಡಿ’ ಅನ್ನುತ್ತಾರೆ. ರಾಜ್ಯದೊಳಗೆ ಕೇಂದ್ರದ ಪಾಲು ಸಿಜಿಎಸ್‌ಟಿ 900, ರಾಜ್ಯದ ಪಾಲು ಎಸ್‌ಜಿಎಸ್‌ಟಿ 900; ರಾಜ್ಯ ದಾಟಿದರೆ ಐಜಿಎಸ್‌ಟಿ 1,800. ತಿಂಗಳ ಲೆಕ್ಕ ಸಲ್ಲಿಸುವವರಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್–1 ಮುಂದಿನ ತಿಂಗಳ 11ಕ್ಕೆ, ತೆರಿಗೆ ಕಟ್ಟುವ 3ಬಿ 20ಕ್ಕೆ ಎಂಬುದು ನಾಲಿಗೆ ತುದಿಯಲ್ಲಿರಲಿ. ಬ್ಯಾಂಕ್ ಪಾಸ್‌ಬುಕ್ಕಿಗೂ ನಮ್ಮ ಲೆಕ್ಕದ ಪುಸ್ತಕಕ್ಕೂ ಯಾಕೆ ವ್ಯತ್ಯಾಸ ಬರುತ್ತದೆ ಎಂದರೆ, ಕೊಟ್ಟ ಚೆಕ್ ಇನ್ನೂ ಬ್ಯಾಂಕಿಗೆ ಹೋಗಿಲ್ಲದಿರಬಹುದು, ಬ್ಯಾಂಕ್ ಶುಲ್ಕ ಕಡಿತವಾಗಿ ನಮ್ಮ ಪುಸ್ತಕದಲ್ಲಿ ಬರೆಯದೆ ಇರಬಹುದು ಎಂದು ಉದಾಹರಣೆ ಸಮೇತ ಹೇಳಬೇಕು. ವ್ಯಾಖ್ಯೆ ಬಾಯಿಪಾಠ ಒಪ್ಪಿಸಿದರೆ ಸಂದರ್ಶಕರು ತಕ್ಷಣ ಇನ್ನೊಂದು ಪ್ರಶ್ನೆ ಹಾಕಿ ಒಳಗೆ ಏನಿದೆ ಎಂದು ನೋಡುತ್ತಾರೆ.

ಹೆಚ್ಚು ಜನ ಎಡವುವುದು ಪ್ರಾಜೆಕ್ಟ್ ವಿಷಯದಲ್ಲಿ. ನಾಲ್ವರು ಸೇರಿ ಮಾಡಿದ್ದು, ಅದರಲ್ಲಿ ಒಬ್ಬರೋ ಇಬ್ಬರೋ ನಿಜವಾಗಿ ದುಡಿದಿರುತ್ತಾರೆ. ‘ನಾವು ಮಾಡಿದ್ವಿ, ನಾವು ತಯಾರಿಸಿದ್ವಿ’ ಎಂದು ಹೇಳುತ್ತಾ ಹೋದರೆ ‘ಅದರಲ್ಲಿ ನೀವು ಮಾಡಿದ್ದೇನು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಒಂದು ಹಾಳೆಯಲ್ಲಿ ಇವತ್ತೇ ಬರೆಯಿರಿ: ಪ್ರಾಜೆಕ್ಟ್ ಯಾವ ತೊಂದರೆಗಾಗಿ, ನನ್ನ ಪಾಲಿನ ಕೆಲಸ ಯಾವುದು, ಯಾವ ಬಿಡಿಭಾಗ ಅಥವಾ ಸಾಫ್ಟ್‌ವೇರ್, ಅದನ್ನೇ ಆರಿಸಿದ್ದು ಯಾಕೆ, ಖರ್ಚೆಷ್ಟು, ಯಾವುದು ಕೆಟ್ಟಿತು, ಹೇಗೆ ಸರಿಮಾಡಿದೆವು, ಮತ್ತೆ ಮಾಡುವುದಾದರೆ ಏನು ಬದಲಿಸುತ್ತೇನೆ. ಕೆಟ್ಟದ್ದನ್ನು ಮುಚ್ಚಿಡಬೇಡಿ. ಬೆಲ್ಟ್ ಜಾರಿತು, ಸೆನ್ಸರ್ ಬಿಸಿಲಲ್ಲಿ ತಪ್ಪು ತೋರಿಸಿತು ಎಂದು ವಿವರಿಸುವವರನ್ನು ಸಂದರ್ಶಕರು ಹೆಚ್ಚು ನಂಬುತ್ತಾರೆ, ಯಾಕೆಂದರೆ ಅದು ಕೈಯಾರೆ ಮಾಡಿದವರಿಗೆ ಮಾತ್ರ ಗೊತ್ತಿರುವ ಸಂಗತಿ. ನಿಮ್ಮ ಪಾಲು ನಿಜಕ್ಕೂ ಚಿಕ್ಕದಾಗಿದ್ದರೆ ಉಳಿದ ಭಾಗವನ್ನು ಗೆಳೆಯರ ಹತ್ತಿರ ಕೂತು ಪೂರ್ತಿ ಕಲಿಯಿರಿ. ಕೇಳಿದಾಗ ‘ವೈರಿಂಗ್ ಮಾತ್ರ ನಾನು ಮಾಡಿದ್ದು, ಪ್ರೋಗ್ರಾಂ ಇನ್ನೊಬ್ಬರದು, ಆದರೆ ಅದು ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಬಲ್ಲೆ’ ಎನ್ನಿ.

ಇಂಗ್ಲಿಷ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರ ನೋವು ಅಲ್ಲಿದೆ. ಎಲ್ಲ ಹುದ್ದೆಗೂ ಒಂದೇ ಮಟ್ಟದ ಇಂಗ್ಲಿಷ್ ಬೇಡ. ವಿದೇಶಿ ಗ್ರಾಹಕರ ಜೊತೆ ಮಾತಾಡುವ ಬಿಪಿಒ ಕೆಲಸಕ್ಕೆ ನಿರರ್ಗಳ ಮಾತು ಬೇಕು. ಪ್ರೊಡಕ್ಷನ್, ಕ್ವಾಲಿಟಿ, ಸ್ಟೋರ್ಸ್, ಅಕೌಂಟ್ಸ್‌ಗೆ ಬೇಕಾದದ್ದು ಇಮೇಲ್ ಓದಿ ತಿಳಿಯುವುದು, ಮೂರು ಸಾಲಿನ ವರದಿ ಬರೆಯುವುದು, ಕೇಳಿದ್ದಕ್ಕೆ ಸಣ್ಣ ವಾಕ್ಯಗಳಲ್ಲಿ ಉತ್ತರ ಹೇಳುವುದು. ಇಷ್ಟನ್ನು ಎರಡು ತಿಂಗಳ ಅಭ್ಯಾಸದಲ್ಲಿ ತಕ್ಕಮಟ್ಟಿಗೆ ಹಿಡಿತಕ್ಕೆ ತಂದುಕೊಳ್ಳಬಹುದು. ವಿಧಾನ ಹೀಗಿದೆ. ಉತ್ತರವನ್ನು ಮೊದಲು ಕನ್ನಡದಲ್ಲಿ ಹೇಳಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ಕನ್ನಡದಲ್ಲೇ ಉತ್ತರ ತಡವರಿಸಿದರೆ ತೊಂದರೆ ಭಾಷೆಯದ್ದಲ್ಲ, ವಿಷಯ ಇನ್ನೂ ಕೂತಿಲ್ಲ ಎಂದರ್ಥ. ಅದು ಸರಿಯಾದ ಮೇಲೆ ಎಂಟು ಹತ್ತು ಪದಗಳ ಇಂಗ್ಲಿಷ್ ವಾಕ್ಯಗಳಾಗಿ ಒಡೆಯಿರಿ, ಮತ್ತೆ ರೆಕಾರ್ಡ್ ಮಾಡಿ ಕೇಳಿ. ಪೂರ್ತಿ ಉತ್ತರವನ್ನು ಉರು ಹೊಡೆಯಬೇಡಿ. ಒಂದು ಪದ ಮರೆತರೂ ಇಡೀ ಉತ್ತರ ಕುಸಿಯುತ್ತದೆ. ನೆನಪಿಡಬೇಕಾದದ್ದು ಐದಾರು ಮುಖ್ಯ ಪದಗಳನ್ನು ಮಾತ್ರ. ನಡುವೆ ಸಿಕ್ಕಿಕೊಂಡರೆ ‘ಇದೊಂದು ವಿಷಯ ಕನ್ನಡದಲ್ಲಿ ಹೇಳಲೇ ಸರ್?’ ಎಂದು ಕೇಳುವುದರಲ್ಲಿ ಅವಮಾನವಿಲ್ಲ. ನಮ್ಮೂರಿನ ಕಾರ್ಖಾನೆಗಳಲ್ಲಿ ಬಹುಪಾಲು ಒಪ್ಪುತ್ತಾರೆ.

‘ನಿಮ್ಮ ಬಗ್ಗೆ ಹೇಳಿ’ ಎಂಬ ಮೊದಲ ಪ್ರಶ್ನೆಗೆ 60ರಿಂದ 90 ಸೆಕೆಂಡ್ ಸಾಕು. ಹೆಸರು, ಊರು, ಓದು ಎರಡು ವಾಕ್ಯ. ಉಳಿದ ಸಮಯವೆಲ್ಲ ಆ ಹುದ್ದೆಗೆ ಹೊಂದುವ ಒಂದು ಪ್ರಾಜೆಕ್ಟ್ ಅಥವಾ ಕೆಲಸ, ಮತ್ತು ಈ ಹುದ್ದೆ ಯಾಕೆ ಬೇಕು ಎಂಬುದಕ್ಕೆ. ಅಪ್ಪ ಏನು ಮಾಡುತ್ತಾರೆ, ಅಣ್ಣ ತಮ್ಮಂದಿರೆಷ್ಟು ಎಂದು ಶುರು ಮಾಡಿದರೆ ಇದ್ದ ಸಮಯ ಅಲ್ಲೇ ಮುಗಿಯುತ್ತದೆ. ನೀವು ಕೊನೆಗೆ ಏನು ಹೇಳುತ್ತೀರೋ ಮುಂದಿನ ಪ್ರಶ್ನೆ ಸಾಮಾನ್ಯವಾಗಿ ಅದರ ಮೇಲೇ ಬರುತ್ತದೆ. ಆದ್ದರಿಂದ ನಿಮಗೆ ಚೆನ್ನಾಗಿ ಗೊತ್ತಿರುವ ಸಂಗತಿಯಲ್ಲೇ ಮಾತು ನಿಲ್ಲಿಸಿ.

ಬ್ಯಾಕ್‌ಲಾಗ್, ಖಾಲಿ ವರ್ಷ, ಕಡಿಮೆ ಅಂಕ ಕೇಳಿದಾಗ ಎರಡು ವಾಕ್ಯದಲ್ಲಿ ನಿಜ ಹೇಳಿ ಮುಗಿಸಿ: ಏನಾಯಿತು, ಆಮೇಲೆ ಏನು ಮಾಡಿದೆ. ಮೇಷ್ಟ್ರು ಸರಿ ಇರಲಿಲ್ಲ, ಪೇಪರ್ ಸರಿ ತಿದ್ದಲಿಲ್ಲ ಎನ್ನಬೇಡಿ. ಗೊತ್ತಿಲ್ಲದ ಪ್ರಶ್ನೆಗೆ ‘ಇದು ಗೊತ್ತಿಲ್ಲ ಸರ್’ ಅಂದು, ಅದಕ್ಕೆ ಹತ್ತಿರದ್ದು ಗೊತ್ತಿದ್ದರೆ ಅದನ್ನು ಹೇಳಿ. ಊಹೆ ಮಾಡುವುದಾದರೆ ಊಹೆ ಎಂದೇ ಹೇಳಿ ಮಾಡಿ.

ಸಂಬಳದ ಮಾತಿಗೆ ಲೆಕ್ಕ ಬೇಕು. ‘ಪ್ಯಾಕೇಜ್ ಮೂರು ಲಕ್ಷ’ ಅಂದರೆ ಕೈಗೆ 25,000 ಬರುತ್ತದೆ ಎಂದುಕೊಂಡು ಸೇರಿ, ಮೊದಲ ತಿಂಗಳಲ್ಲೇ ಬೇಸರಪಡುವವರಿದ್ದಾರೆ. ಮೂರು ಲಕ್ಷ ಎಂಬುದು ಸಿಟಿಸಿ, ಅಂದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ತಿಂಗಳಿಗೆ 25,000. ಬೇಸಿಕ್ ಅದರ ಅರ್ಧ, 12,500 ಎಂದು ಹಿಡಿಯಿರಿ. ಕಂಪನಿ ಪಾಲಿನ ಪಿಎಫ್ (ಭವಿಷ್ಯ ನಿಧಿ) ಬೇಸಿಕ್‌ನ ಶೇ. 12, ಅಂದರೆ 1,500 ಆಯಿತು. ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ಲೆಕ್ಕದಲ್ಲಿ ಸಿಗುವ ಇಡುಗಂಟು) ಎಂದು ಸಾಮಾನ್ಯವಾಗಿ ಶೇ. 4.81 ಸೇರಿಸುತ್ತಾರೆ, ಸುಮಾರು 601. ಎರಡನ್ನೂ ಕಳೆದರೆ ಗ್ರಾಸ್, ಅಂದರೆ ನಿಮ್ಮ ಪಾಲಿನ ಕಡಿತಕ್ಕೆ ಮುಂಚಿನ ಸಂಬಳ, 22,899. ಅದರಿಂದ ನಿಮ್ಮ ಪಾಲಿನ ಪಿಎಫ್ 1,500 ಕಡಿತವಾದರೆ ಕೈಗೆ ಬರುವುದು 21,399. ವೇರಿಯಬಲ್ ಪೇ (ಕೆಲಸದ ಫಲಿತಾಂಶ ನೋಡಿ ಕೊಡುವ ಭಾಗ), ಇನ್ಶೂರೆನ್ಸ್ ಕಂತು, ಕ್ಯಾಂಟೀನ್, ಬಸ್ ಎಂದು ಸೇರಿಸಿದ್ದರೆ ಇನ್ನೂ ಇಳಿಯುತ್ತದೆ. ಪಿಎಫ್ ಹೋದ ದುಡ್ಡಲ್ಲ, ನಿಮ್ಮ ಹೆಸರಿನಲ್ಲೇ ಇರುತ್ತದೆ. ಆದರೆ ಪೀಜಿ ಬಾಡಿಗೆ ಕಟ್ಟಲು ಬರುವುದಿಲ್ಲ. ಗ್ರಾಸ್ 21,000ದೊಳಗಿದ್ದು ಇಎಸ್ಐ (ನೌಕರರ ಆರೋಗ್ಯ ವಿಮೆ) ಇದ್ದರೆ ಶೇ. 0.75 ಕಡಿತವಾಗುತ್ತದೆ, ಬದಲಿಗೆ ನಿಮಗೂ ಅವಲಂಬಿತರಿಗೂ ಚಿಕಿತ್ಸೆ ಸಿಗುತ್ತದೆ. ಆದ್ದರಿಂದ ‘ಎಷ್ಟು ನಿರೀಕ್ಷೆ?’ ಎಂದು ಕೇಳಿದಾಗ ಮೊದಲೇ ವಿಚಾರಿಸಿ ಇಟ್ಟುಕೊಂಡ ಒಂದು ಮೊತ್ತ ಹೇಳಿ, ‘ಕೈಗೆ ಬರುವುದು ಎಷ್ಟಾಗುತ್ತದೆ ಸರ್?’ ಎಂದು ಬಿಡಿಸಿ ಕೇಳಿ. ಅದು ನಿಮ್ಮ ಹಕ್ಕು. ‘ನೀವು ಕೊಟ್ಟಷ್ಟು ಕೊಡಿ’ ಅಂದರೆ ಅವರು ಕೊಡಬಹುದಾದ ಕನಿಷ್ಠ ಮೊತ್ತಕ್ಕೆ ನೀವೇ ಒಪ್ಪಿಗೆ ಕೊಟ್ಟಂತೆ.

ಮೋಸದ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇವೆ. ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಡೆಪಾಸಿಟ್, ಯೂನಿಫಾರ್ಮ್ ಹಣ, ಟ್ರೈನಿಂಗ್ ಚಾರ್ಜ್ ಎಂದು ಸೇರುವ ಮೊದಲು ದುಡ್ಡು ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಆಫರ್ ಲೆಟರ್ ಕಂಪನಿಯ ಸ್ವಂತ ಇಮೇಲ್‌ನಿಂದ ಬರದೆ ಸಾಮಾನ್ಯ ಜಿಮೇಲ್‌ನಿಂದ ಬಂದಿದ್ದರೆ, ಕಂಪನಿಯ ವೆಬ್‌ಸೈಟ್‌ನಲ್ಲಿರುವ ನಂಬರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ; ಲೆಟರ್‌ನಲ್ಲಿರುವ ನಂಬರಿಗಲ್ಲ. ಹಣ ಹೋಗಿಬಿಟ್ಟಿದ್ದರೆ ನಾಚಿಕೆಪಟ್ಟು ಸುಮ್ಮನಿರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ತಿಳಿಸಿದರೆ ಆ ಹಣವನ್ನು ಬ್ಯಾಂಕಿನಲ್ಲೇ ತಡೆಯುವ ಅವಕಾಶ ಅಷ್ಟು ಹೆಚ್ಚು. ಮೂಲ ಮಾರ್ಕ್ಸ್ ಕಾರ್ಡ್‌ಗಳನ್ನು ತೋರಿಸಿ ವಾಪಸ್ ತಗೊಳ್ಳಿ, ಯಾರ ಬಳಿಯೂ ಬಿಡಬೇಡಿ. ಬಾಂಡ್‌ಗೆ, ಅಂದರೆ ಇಷ್ಟು ಕಾಲ ಕೆಲಸ ಬಿಡುವುದಿಲ್ಲ ಎಂಬ ಕರಾರಿಗೆ, ಸಹಿ ಹಾಕುವ ಮೊದಲು ಅವಧಿ ಮತ್ತು ಮೊತ್ತ ಓದಿ. ‘ಬಾಂಡ್‌ಗೆಲ್ಲ ಕೋರ್ಟಲ್ಲಿ ಬೆಲೆಯಿಲ್ಲ’ ಎಂಬ ಹಾಸ್ಟೆಲ್ ಮಾತು ನಂಬಬೇಡಿ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲು ಬಿಟ್ಟರೆ 2 ಲಕ್ಷ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ.

ಕೊನೆಯದಾಗಿ, ಆಯ್ಕೆಯಾದ ಮೇಲೂ ಕೆಲಸ ಕೆಡಿಸುವ ಒಂದು ಸಂಗತಿ, ಹೆಸರು. ನಮ್ಮ ಕಡೆ ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಹೆಸರು ಮತ್ತು ಇನಿಶಿಯಲ್, ಆಧಾರ್‌ನಲ್ಲಿ ಊರಿನ ಹೆಸರು ಅಥವಾ ತಂದೆಯ ಹೆಸರು ಸೇರಿಸಿ, ಪ್ಯಾನ್‌ನಲ್ಲಿ ಮತ್ತೊಂದು ಥರ ಇರುವುದು ತೀರಾ ಸಾಮಾನ್ಯ. ಪಿಎಫ್‌ಗೆ ಬೇಕಾದ ಯುಎಎನ್ (ಸದಸ್ಯರ ಖಾತೆ ಗುರುತಿನ) ಸಂಖ್ಯೆ ಆಧಾರ್ ಮೇಲೆ ನಿಂತಿದೆ. ಹೆಸರು ಹೊಂದದಿದ್ದರೆ ಅಲ್ಲಿ ತಡೆಯಾಗುತ್ತದೆ, ಮುಂದೆ ಪಿಎಫ್ ಹಣ ತೆಗೆಯುವಾಗಲೂ ಅಲೆದಾಟ ತಪ್ಪುವುದಿಲ್ಲ. ಆಗಸ್ಟ್ 1, 2025ರಿಂದ ಜುಲೈ 31, 2027ರ ನಡುವೆ ಮೊದಲ ಬಾರಿ ಪಿಎಫ್ ಇರುವ ಕೆಲಸಕ್ಕೆ ಸೇರುವವರಿಗೆ ಕೇಂದ್ರದ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯಲ್ಲಿ 15,000 ರೂಪಾಯಿವರೆಗೆ ಎರಡು ಕಂತಿನಲ್ಲಿ ಸಿಗುವ ಅವಕಾಶವಿದೆ. ಮೊದಲ ಕಂತು ಆರು ತಿಂಗಳ ಸೇವೆಯ ನಂತರ. ಅದಕ್ಕೂ ಈ ದಾಖಲೆಗಳೇ ಆಧಾರ. ಎಸ್‌ಎಸ್‌ಎಲ್‌ಸಿ ಕಾರ್ಡನ್ನು ಮೂಲವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ಬದಲಿಸಲು ಬರುವುದರಿಂದ ಕೇಂದ್ರದಲ್ಲಿ ಅವರು ಟೈಪ್ ಮಾಡಿದ ಅಕ್ಷರಗಳನ್ನು, ಒಂದೊಂದು ಸ್ಪೇಸ್ ಸಮೇತ, ಪರದೆಯ ಮೇಲೆ ಓದಿ ನೋಡಿದ ಮೇಲೆಯೇ ಒಪ್ಪಿಗೆ ಕೊಡಿ.